ತಿಕೋಟಾದಲ್ಲಿ ಒಳಗೆ, ಬಬಲೇಶ್ವರದಲ್ಲಿ ಹೊರಗೆ

ನಮ್ಮ ವಿಜಯಪುರ ಜಿಲ್ಲೆಯ ಸ್ವಂತ ತಂತ್ರಾಂಶಕ್ಕೆ ಒಳಗೆ ಹೋಗುವ ಬಾಗಿಲು ತಿಕೋಟಾದಲ್ಲಿಯೂ ಹೊರಗೆ ಬರುವ ಬಾಗಿಲು ಬಬಲೇಶ್ವರದಲ್ಲಿಯೂ ಇರುತ್ತವೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ತಂತ್ರಾಂಶ ಮಂಡಳಿಯ ಪ್ರಕಟಣಾ ವಿಭಾಗದ ಖಂಡಪ್ಪನಾದ ನಾನು ಇದನ್ನು ಎಷ್ಟೋ ಸಲ ಬರೆದು ಗೋಡೆಗೆ ಹಚ್ಚಿದ್ದೇನೆ, ಆದರೂ ಕೆಲವರು ಓದಿ ನಕ್ಕಿದ್ದಾರೆ. ಅಂಥವರ ಸಲುವಾಗಿ ಇನ್ನೊಮ್ಮೆ ಬರೆಯುತ್ತಿದ್ದೇನೆ. ದಯವಿಟ್ಟು ಮೊದಲು ನಕ್ಕು ಮುಗಿಸಿ, ಆಮೇಲೆ ಓದಲು ಕೂಡ್ರಿ.

ತಂತ್ರಾಂಶದ ಹೆಸರು ‘ಜೋಡಣಿ’. ಕಾರ್ಖಾನೆ, ಆಸ್ಪತ್ರೆ, ಗೋದಾಮು, ಯಾವ ದೊಡ್ಡ ಸಂಸ್ಥೆಯ ಕಾರಭಾರಕ್ಕಾದರೂ ಒಗ್ಗುವ ಚೌಕಟ್ಟು ಅದು. ಹಾಜರಿಗೊಂದು ಭಾಗ, ರಜೆಗೊಂದು ಭಾಗ, ಪ್ರವಾಸಕ್ಕೊಂದು ಭಾಗ. ಬೇಕಾದದ್ದನ್ನು ಜೋಡಿಸಿಕೊಳ್ಳಬಹುದು, ಬ್ಯಾಡಾದದ್ದನ್ನು ಕಳಚಿಡಬಹುದು. ಅದರ ಮೂಲ ಬರಹವನ್ನು ಜಗತ್ತಿನ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹೊಸ ಭಾಗ ಬರೆದು ಸೇರಿಸಬಹುದು, ಎಲ್ಲಾ ಪುಕ್ಕಟೆ. ಇಷ್ಟನ್ನೂ ಬರೆದವಳು ಎಂಜಿನಿಯರ್ ಸ್ನೇಹಲ, ಜೋರಾಪುರ ಪೇಟೆಯ ಬಟ್ಟೆ ಅಂಗಡಿಯ ಮಾಳಿಗೆ ಮೇಲಿರುವ ನಮ್ಮ ಕಚೇರಿಯಲ್ಲಿ ಕುಂತು. ಭಾಳ ಶಾಣ್ಯಾ ಹುಡುಗಿ. ಆದರೆ ಮಂಡಳಿಯ ಸಭೆಯಲ್ಲಿ ಬಾಯಿ ತಪ್ಪಿ, “ಇದರಾಗ ಎಲ್ಲಾ ಬಿಡಿಬಿಡಿ ಭಾಗ ಅವರಿ” ಎಂದುಬಿಟ್ಟಳು.

ಬಿಡಿಭಾಗ ಎಂದ ಮೇಲೆ ಹಂಚಿಕೆ ಬಂತು. ಮಂಡಳಿಯ ಅಧ್ಯಕ್ಷರಾದ ಸುಶೀಲೇಂದ್ರ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಎಲ್ಲಾ ಭಾಗಗಳನ್ನು ನಗರವೇ ಇಟ್ಟುಕೊಂಡರೆ ತಿಕೋಟಾ, ಬಬಲೇಶ್ವರದಂಥ ಹೊಸ ತಾಲೂಕುಗಳಿಗೆ ಅನ್ಯಾಯವಾಗುತ್ತದೆ ಎಂದರು.

“ಸರ್, ಒಳಗ ಹೋಗೋದು, ಹೊರಗ ಬರೋದು ಎರಡೂ ಒಂದ ಕಂಪ್ಯೂಟರಿನಾಗ ಇರ್ತಾವರಿ,” ಎಂದಳು ಸ್ನೇಹಲ.

“ಇರ್ತಾವ ಅಂತ ನೀವು ಹೇಳ್ತೀರಿ. ತಿಕೋಟಾದವರಿಗೆ ಅದನ್ನ ಹೇಳೋರು ಯಾರು?”

ಹೇಳುವವರು ಯಾರೂ ಇರಲಿಲ್ಲ. ಹೀಗಾಗಿ ಪ್ರವೇಶ ಭಾಗ ತಿಕೋಟಾಕ್ಕೂ ನಿರ್ಗಮನ ಭಾಗ ಬಬಲೇಶ್ವರಕ್ಕೂ ಮಂಜೂರಾದವು. ಮಮದಾಪುರದವರು ಒಂದು ಜೀಪು ತುಂಬ ಬಂದು, ನಾವೇನು ಪಾಪ ಮಾಡೀವಿ ಎಂದು ಕೇಳಿದರು. ಅವರ ಊರಿಗೆ ಬಸ್ಸು ಇದೆ ಎಂಬುದನ್ನು ಪರಿಗಣಿಸಿ ಪ್ರವಾಸ ಭಾಗವನ್ನು ಕೊಡಲಾಯಿತು. ಭೂತನಾಳದವರು, ಇಡೀ ಪಟ್ಟಣಕ್ಕ ನಮ್ಮ ಕೆರಿ ನೀರು ಕುಡಿಸಿದವರು ನಾವು ಎಂದರು. ಅವರಿಗೆ ಮುಂದೆ ಹುಟ್ಟುವ ಮೊದಲನೆಯ ಭಾಗವನ್ನು ಕಾಯ್ದಿರಿಸಲಾಯಿತು. ತಿಕೋಟಾದ ಕಚೇರಿಯಲ್ಲಿ ಮಾತ್ರ ಒಳಗೆ ಬಿಡುವಂತೆಯೂ ಬಬಲೇಶ್ವರದ ಕಚೇರಿಯಲ್ಲಿ ಮಾತ್ರ ಹೊರಗೆ ಬಿಡುವಂತೆಯೂ ಸ್ನೇಹಲ ಹಲ್ಲು ಕಚ್ಚಿ ಬರೆದುಕೊಟ್ಟಳು.

ನಿಯಮಗಳನ್ನು ಬರೆದವನು ನಾನು. ಒಂಬತ್ತನೆಯದು ವಿಶೇಷ ಚಂದ ಬಂದಿದೆ: ‘ಒಳಗೆ ಹೋಗಿ ಹೊರಗೆ ಬಾರದವರನ್ನು ಕರ್ತವ್ಯದ ಮೇಲಿದ್ದಾರೆಂದು ಭಾವಿಸತಕ್ಕದ್ದು. ಕರ್ತವ್ಯದ ಮೇಲಿರುವವರು ಕಚೇರಿ ಬಿಟ್ಟು ಕದಲತಕ್ಕದ್ದಲ್ಲ.’ ಓದಿದವರೆಲ್ಲ ತಲೆದೂಗಿದರು.

ತಿಕೋಟಾದ ಉದ್ಘಾಟನೆಯ ದಿನ, ತಂತ್ರಾಂಶ ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ಎಂದು ನೋಡುವ ಕೆಲಸದಲ್ಲಿದ್ದ ಸಪ್ನಾಳಿಗೆ ಮೊದಲು ಪ್ರವೇಶಿಸುವ ಮಾನ ಸಿಕ್ಕಿತು. ಆಕೆ ಗುಂಡಿ ಒತ್ತಿದಳು. ‘ಬರ್ರಿ’ ಎಂದು ಪರದೆಯ ಮೇಲೆ ಬಂತು. ಚಪ್ಪಾಳೆಯಾಯಿತು. ಸಂಜೆ ಮನೆಗೆ ಹೋಗಲೆಂದು ಹೊರಬರುವ ಗುಂಡಿ ಒತ್ತಿದಳು. ‘ಬಬಲೇಶ್ವರಕ್ಕೆ ಹೋಗ್ರಿ’ ಎಂದು ಬಂತು. ಬಬಲೇಶ್ವರಕ್ಕೆ ಹೋಗಬೇಕೆಂದರೆ ಕಚೇರಿ ಬಿಡಬೇಕು, ಕಚೇರಿ ಬಿಡಬೇಕೆಂದರೆ ಹೊರಗೆ ಬಂದಿರಬೇಕು. ಕರ್ತವ್ಯದ ಮೇಲಿದ್ದೇ ಹೋಗುವುದಾದರೆ ಪ್ರವಾಸ ಭಾಗದ ಅಪ್ಪಣೆ ಬೇಕು. ಆ ಭಾಗ ಮಮದಾಪುರದವರದು. ಜ್ವಾಳದ ರಾಶಿ ಮುಗಿದ ಮ್ಯಾಲ ಬರೀತೀವಿ ಎಂದು ಅವರು ತಿಳಿಸಿದ್ದರು.

ಸಪ್ನಾಳ ಲಗ್ನ ಬರುವ ಐತವಾರವಿತ್ತು. ಆಕೆಗೆ ಅಳು ಬಂತು. ಕಚೇರಿಯಲ್ಲಿ ಅಳುವುದರ ಬಗ್ಗೆ ನಿಯಮವಿಲ್ಲದ್ದರಿಂದ ಯಾರೂ ತಡೆಯಲಿಲ್ಲ.

“ಒಂದ ಸಾಲು ಅಳಿಸಿದ್ರ ಮುಗೀತರಿ ಸರ್,” ಎಂದಳು ಸ್ನೇಹಲ.

“ಅಳಸ್ರಿ. ನಾಳೆ ಬಬಲೇಶ್ವರದವರು ಬಂದು, ಕೊಟ್ಟ ಒಂದು ಭಾಗಾನೂ ಕಸಗೊಂಡ್ರಿ ಅಂತ ರಸ್ತೇದಾಗ ಕೂಡ್ತಾರ. ಅವರ ಮುಂದ ನೀವು ಕೂಡ್ರಿ,” ಎಂದರು ಸಾಹೇಬರು.

ಮರುದಿನ ಸಪ್ನಾಳ ತಾಯಿ ರೇಣವ್ವ ತಿಕೋಟಾದ ಕಚೇರಿಗೆ ಬಂದು ಸುಶೀಲೇಂದ್ರ ಸಾಹೇಬರ ಮುಂದೆ ನಿಂತಳು. ಬಗಲಲ್ಲಿ ರೊಟ್ಟಿಯ ಗಂಟು.

“ಸಾಹೇಬ್ರ, ಐತವಾರ ಲಗ್ನ ಐತ್ರಿ. ಹುಡುಗಿನ್ನ ಮನಿಗಿ ಕಳಸ್ರಿ.”

“ಕಳಸಬೇಕಂತ ನನಗೂ ಅನಸ್ತದವಾ. ಆದ್ರ ಆಕಿ ಒಳಗ ಇದ್ದಾಳ.”

“ಎಲ್ಲಿ ಒಳಗರಿ? ಇಲ್ಲೇ ಕುರ್ಚಿ ಮ್ಯಾಲ ಕುಂತ ಚಾ ಕುಡಿಯಾಕತ್ತಾಳಲ್ರಿ.”

“ಕುರ್ಚಿ ಮ್ಯಾಲ ಇದ್ದಾಕಿ ನಿಮ್ಮ ಮಗಳು. ಒಳಗ ಇದ್ದಾಕಿ ನೌಕರದಾಕಿ. ಇಬ್ಬರೂ ಕೂಡೇ ಹೋಗಬೇಕಾಗ್ತದ.”

ರೇಣವ್ವ ರೊಟ್ಟಿಯ ಗಂಟನ್ನು ಮಗಳ ಮುಂದಿಟ್ಟಳು. ಆಮೇಲೆ ಗೋಡೆಗೆ ಹಚ್ಚಿದ್ದ ನನ್ನ ಪ್ರಕಟಣೆಯನ್ನು ಬೆರಳಿಟ್ಟು ಓದಿದಳು. ಅದನ್ನು ಪೂರ್ತಿ ಓದಿದ ಮೊದಲ ವ್ಯಕ್ತಿ ಆಕೆ. ನಾನು ಎದ್ದು ಆಕೆಗೆ ಕುರ್ಚಿ ಸರಿಸಿಕೊಟ್ಟೆ.

“ಹೊಸಾ ಭಾಗ ಯಾರರೆ ಸೇರಸಬೌದು ಅಂತ ಬರದೀರಲ್ರಿ. ಹಂಗಾರ ಲಗ್ನದ ಭಾಗ ಒಂದು ನಾ ಸೇರಸ್ತೇನಿ.”

ಆಗ ಭೂತನಾಳದವರಿಗೆ ಕಾಯ್ದಿರಿಸಿದ ಭಾಗ ಇದೇ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ಫೋನ್ ಮಾಡಿ ಕೇಳಲಾಗಿ ಅವರು, ಲಗ್ನದ ಉಸಾಬರಿ ನಮಗ ಬ್ಯಾಡ, ಅದರ ಮುಂದಿಂದ ಕೊಡ್ರಿ ಎಂದರು. ದಾರಿ ಸಾಫಾಯಿತು. ರೇಣವ್ವ ಹೇಳುತ್ತ ಹೋದಳು, ಸ್ನೇಹಲ ಬರೆಯುತ್ತ ಹೋದಳು.

“ಮೊದಲ ಹುಡುಗನ ಕಡೆಯವರ್ನ ಕುಂಡ್ರಸಬೇಕು. ಆಮ್ಯಾಲ ಸಿಟ್ಟಾದವರ್ನ ಸಮಾಧಾನ ಮಾಡಬೇಕು.”

“ಯಾರೂ ಸಿಟ್ಟಾಗದಿದ್ರ, ಮೌಶಿ?”

“ಆಗ್ತಾರ. ನೀ ಬರಿಯವಾ.”

“ಎಷ್ಟ ಸಲ ಸಮಾಧಾನ ಮಾಡೋದು?”

“ಊಟ ಆಗೂತನಾ.”

ಸ್ನೇಹಲಳ ಕೈಗಳು ನಿಂತವು. ತನ್ನ ಇಡೀ ಚೌಕಟ್ಟಿನಲ್ಲಿ ಇಷ್ಟು ಸ್ವಚ್ಛ ಬರಹ ಇನ್ನೊಂದಿಲ್ಲ ಎಂದಳು. ಅಂದಿನಿಂದ ಆಕೆಗೂ ಇದೆಲ್ಲದರ ರುಚಿ ಹತ್ತಿತು.

ಪ್ರಯೋಗ ಮಾಡಿ ನೋಡದೆ ಯಾವ ಭಾಗವನ್ನೂ ಸೇರಿಸುವಂತಿಲ್ಲ. ಆದ್ದರಿಂದ ನಾನು ಕೆಳಗಿನಂತೆ ಹೊರಡಿಸಿದೆನು:

‘ಐತವಾರ ಬೆಳಿಗ್ಗೆ ತಿಕೋಟಾ ಕಚೇರಿಯಲ್ಲಿ ಜೋಡಣಿ ತಂತ್ರಾಂಶದ ಲಗ್ನ ಭಾಗದ ಪರೀಕ್ಷೆ ನಡೆಯುವುದು. ಪರೀಕ್ಷೆಗೆ ಒಳಪಡುವವರು ಚಿ. ಸೌ. ಸಪ್ನಾ ಹಾಗೂ ಚಿ. ಅಜಿತ. ಪರೀಕ್ಷೆಯ ನಂತರ ಊಟ ಇರುತ್ತದೆ. ದೋಷಗಳು ಕಂಡುಬಂದಲ್ಲಿ ಊಟಕ್ಕೆ ಮುಂಚೆ ತಿಳಿಸತಕ್ಕದ್ದು.’

ಅಜಿತ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಜರ್. ಒಳಗೆ ಇದ್ದಾಕೆಯನ್ನು ಹೊರಗಿನವ ಮದುವೆಯಾಗಲು ಬರುವುದಿಲ್ಲವೆಂದು ತಿಳಿದಾಗ ಅವನು ನೇರ ಕಂಪ್ಯೂಟರಿನ ಮುಂದೆ ಬಂದ. ಬಿಳಿ ಅಂಗಿಯ ತೋಳು ಏರಿಸಿ ಪ್ರವೇಶದ ಗುಂಡಿ ಒತ್ತಿದ. ಸಪ್ನಾ ಅವನನ್ನು ನೋಡಿ ನಕ್ಕಳು. ಆ ವಾರದಲ್ಲಿ ಆಕೆ ನಕ್ಕದ್ದು ಅದೇ ಮೊದಲು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಮೊದಲೇ ಇತ್ತು. ಬುದ್ಧನ ಮೂರ್ತಿಯನ್ನು ರೇಣವ್ವ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಬೌದ್ಧ ಭಿಕ್ಷುಗಳಾದ ಭಂತೇಜಿ ಪಂಚಶೀಲ ಹೇಳಿಸಿದರು. ಹುಡುಗನ ಕಾಕಾ ಒಬ್ಬರು ಕುರ್ಚಿಗಾಗಿ ಸಿಟ್ಟಾದರು, ಭಾಗದಲ್ಲಿದ್ದಂತೆ ಅವರನ್ನು ಊಟ ಆಗುವತನಕ ಸಮಾಧಾನ ಮಾಡಲಾಯಿತು. ದೋಷಗಳು ಕಂಡುಬರಲಿಲ್ಲ.

ಅದೇ ವಾರ ಜೋಡಣಿಯನ್ನು ಜಗತ್ತಿಗೆ ಬಿಡುಗಡೆ ಮಾಡಲಾಯಿತು. ಫಿನ್‌ಲ್ಯಾಂಡಿನ ಒಂದು ಬಡಿಗತನದ ಕಾರ್ಖಾನೆಯವರು ಅದನ್ನು ಮೊದಲು ಇಳಿಸಿಕೊಂಡರು. ಅವರ ತಿಕೋಟಾ ಪ್ರವೇಶವನ್ನು ಸ್ನೇಹಲ ಫೋನಿನ ಮೇಲೆ ಮಾಡಿಸಿಕೊಟ್ಟಳು, ಪರದೇಶದವರಿಗೆ ಅಷ್ಟು ಸಡಿಲಿಕೆ ಇದೆ. ಸಂಜೆ ಅವರಿಂದ ಪತ್ರ ಬಂತು: ‘ಹೊರಗೆ ಬರಲಾಗುತ್ತಿಲ್ಲ. ಬಬಲೇಶ್ವರ ಎಂದರೇನು?’ ವಿಜಯಪುರದಿಂದ ಬಸ್ಸುಗಳಿವೆ, ಬರ್ರಿ ಎಂದು ಮಂಡಳಿಯ ಪರವಾಗಿ ನಾನು ಉತ್ತರ ಬರೆದೆನು.

ಸಪ್ನಾ, ಅಜಿತ ಕಚೇರಿಯಲ್ಲೇ ಸಂಸಾರ ಹೂಡಿದರು. ಸರ್ವರ್ ಇಟ್ಟ ಖೋಲಿ ತಣ್ಣಗಿರುವುದರಿಂದ ಮಲಗಲು ಅನುಕೂಲವಾಯಿತು. ಅಜಿತನ ಮಾಲಕರು ಅವನ ಲ್ಯಾಪ್‌ಟಾಪ್ ಅಲ್ಲಿಗೇ ಕಳಿಸಿದರು. ಆದರೆ ಸಪ್ನಾ ದಿನಾ ಸಂಜೆ ಹೊರಬರುವ ಗುಂಡಿ ಒತ್ತಿ ನೋಡುತ್ತಿದ್ದಳು. ಗಂಡನ ಮನೆ ಅಲ್ಲಿಂದ ನಾಲ್ಕು ಓಣಿ ಆಚೆಗಿತ್ತು, ಆಕೆ ಇನ್ನೂ ಅದರ ಹೊಸ್ತಿಲು ದಾಟಿರಲಿಲ್ಲ. “ಒಂದ ಸಲ ಮನಿ ನೋಡಿದ್ರ ಸಾಕಾಗ್ತೈತ್ರಿ ಖಂಡಪ್ಪಣ್ಣ” ಎನ್ನುತ್ತಿದ್ದಳು. ನಾನು ನಿಯಮ ಒಂಬತ್ತನ್ನು ಓದಿ ಹೇಳುತ್ತಿದ್ದೆ.

ಮರುವರ್ಷದ ರಾಶಿ ಮುಗಿದ ಮೇಲೆ ಮಮದಾಪುರದವರು ಪ್ರವಾಸ ಭಾಗವನ್ನು ಬರೆದು ಮುಗಿಸಿದರು. ಅಪ್ಪಣೆ ಬಂತು. ಸಪ್ನಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ಅಜಿತನ ಜೊತೆ, ರೇಣವ್ವನ ಜೊತೆ ಬಬಲೇಶ್ವರಕ್ಕೆ ಹೋದಳು. ನಾನೂ ಇದ್ದೆ. ಅಲ್ಲಿ ಪಾಳಿಯಲ್ಲಿ ಫಿನ್‌ಲ್ಯಾಂಡಿನ ಬಡಿಗರು ಆಗಲೇ ನಿಂತಿದ್ದರು. ಶೇಂಗಾ ತಿನ್ನುತ್ತ ಖುಷಿಯಾಗಿದ್ದರು.

ಖಿಡಕಿಯಲ್ಲಿದ್ದ ಗುಮಾಸ್ತ ಸಂಗಣ್ಣ ಪರದೆ ನೋಡಿದ, ಆಮೇಲೆ ಇವರನ್ನು ನೋಡಿದ.

“ಒಳಗ ಹೋದವರು ಇಬ್ಬರು. ಹೊರಗ ಬರಾಕತ್ತವರು ಮೂವರು.”

ಸಪ್ನಾಳ ಹೆಗಲ ಮೇಲೆ ಕೂಸು ಮಲಗಿತ್ತು.

“ಇದು ಒಳಗ ಹುಟ್ಟೇತ್ರಿ,” ಎಂದ ಅಜಿತ.

“ಹುಟ್ಟಲಿ, ಭಾಳ ಸಂತೋಷ. ಆದ್ರ ಇದು ಒಳಗ ಹೋಗೇ ಇಲ್ಲ, ಹೊರಗ ಹೆಂಗ ಬಿಡ್ಲಿ? ನೀವಿಬ್ರು ಹೋಗ್ರಿ, ಇದು ಇಲ್ಲೇ ಇರಲಿ.”

“ಕೂಸಿನ್ನ ಬಿಟ್ಟ ನಾ ಎಲ್ಲಿ ಹೋಗ್ಲಿ,” ಎಂದಳು ಸಪ್ನಾ. ಮತ್ತೆ ಅಳುತ್ತಾಳೆಂದು ನಾನು ಮುಖ ಆಚೆ ತಿರುಗಿಸಿದೆ. ಆಕೆ ಅಳಲಿಲ್ಲ. ಸೆರಗು ಸಿಕ್ಕಿಸಿ, “ನಡೀರಿ, ತಿಕೋಟಾದ ಬಸ್ಸು ಹಿಡಿಯೂಣು” ಎಂದಳು.

ತಿಕೋಟಾದಲ್ಲಿ ಕೂಸಿನ ಬೆರಳು ಹಿಡಿದು ಗುಂಡಿ ಒತ್ತಿಸಲಾಯಿತು. ‘ಬರ್ರಿ’ ಎಂದು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಪರದೆ ಕೂಸಿನ ಹೆಸರು ಕೇಳಿತು. ಹೆಸರಿಲ್ಲದವರನ್ನು ಬಬಲೇಶ್ವರದಲ್ಲಿ ಹೊರಗೆ ಬಿಡುವಂತಿಲ್ಲ, ಹೆಸರಿಡುವ ಭಾಗವೋ ಇನ್ನೂ ಇರಲಿಲ್ಲ. ಲಗ್ನದ ಮುಂದಿನದು ಎಂಬ ಕಾರಣಕ್ಕೆ ಅದು ಭೂತನಾಳದವರಿಗೆ ಸೇರಿತು. ಮುಂದಿನ ಸುಗ್ಗಿಯಾದ ಮ್ಯಾಲ ಬರೀತೀವಿ ಎಂದು ಅವರು ಫೋನಿನಲ್ಲಿ ತಿಳಿಸಿದರು. ರೇಣವ್ವ ಸರ್ವರ್ ಖೋಲಿಯ ಜಂತಿಗೆ ತೊಟ್ಟಿಲು ಕಟ್ಟಿದಳು. ಕರ್ತವ್ಯದ ಮೇಲಿರುವ ಕೂಸನ್ನು ಸದ್ಯಕ್ಕೆ ಕಚೇರಿಯಲ್ಲಿ ‘ಬಳಕೆದಾರ ಮೂರು’ ಎಂದು ಕರೆಯುತ್ತೇವೆ. ಕರೆದರೆ ನಗುತ್ತದೆ.