ಹಳಿಯ ಮೇಲಿನ ಇಂಗ್ಲಿಷ್

ನಾನು ಸಾಲಿ ಬಿಟ್ಟದ್ದು 1948ರಲ್ಲಿ, ಮೂಡಲಗಿಯಲ್ಲಿ, ಇಂಗ್ಲಿಷಿನ ಮೊದಲ ಪುಸ್ತಕ ಅರ್ಧಕ್ಕೆ ಬಂದಾಗ. ಅಪ್ಪ ತೀರಿಕೊಂಡಿದ್ದ, ಮನೆಯಲ್ಲಿ ದುಡಿಯುವ ಗಂಡಾಳು ನಾನೊಬ್ಬನೇ. ಅದಕ್ಕೆ ನನಗೆ ಬೇಸರವಿಲ್ಲ. ಮೈ ಮುರಿದು ದುಡಿದಿದ್ದೇನೆ, ಯಾರ ಮುಂದೂ ಕೈ ಚಾಚಿಲ್ಲ. ಬೇಸರವಿರುವುದು ಆ ಅರ್ಧ ಪುಸ್ತಕದ ಬಗ್ಗೆ. ಪೂರ್ತಿ ಓದಿದ್ದರೆ ತಿಳಿಯುತ್ತಿತ್ತು. ಏನೂ ಓದದಿದ್ದರೆ, ತಿಳಿಯುವುದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಅರ್ಧ ಓದಿದವನಿಗೆ ಈ ಎರಡು ಸುಖವೂ ಇಲ್ಲ.

ನನ್ನ ಕೆಲಸ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಟ್ರಾಲಿ ನೂಕುವುದು. ಟ್ರಾಲಿ ಎಂದರೆ ನಾಲ್ಕು ಗಾಲಿಯ ಮೇಲೊಂದು ಬೆಂಚು, ಬೆಂಚಿನ ಮೇಲೊಂದು ದೊಡ್ಡ ಛತ್ರಿ, ಛತ್ರಿಯ ಕೆಳಗೆ ಹಳಿ ತಪಾಸಣೆಯ ಸಾಹೇಬ. ನಾವು ನಾಲ್ಕು ಜನ. ಇಬ್ಬಿಬ್ಬರಂತೆ ಸರದಿಯ ಮೇಲೆ, ಒಬ್ಬ ಈ ಹಳಿಯ ಮೇಲೆ, ಇನ್ನೊಬ್ಬ ಆ ಹಳಿಯ ಮೇಲೆ ಬರಿಗಾಲಲ್ಲಿ ಓಡುತ್ತ ನೂಕಬೇಕು. ಗಾಲಿ ವೇಗ ಹಿಡಿದ ಮೇಲೆ ಹಿಂದೆ ಜಿಗಿದು ಕೂರಬೇಕು, ಏರು ಬಂದರೆ ಮತ್ತೆ ಇಳಿದು ಓಡಬೇಕು. ಹಳಿ ಮೂರು ಬೆರಳು ಅಗಲ. ಬೇಸಿಗೆಯಲ್ಲಿ ಅದರ ಮೇಲೆ ರೊಟ್ಟಿ ಬೇಯಿಸಬಹುದು. ಒಮ್ಮೆ ಹುಕ್ಕೇರಿಯಿಂದ ಬಂದ ನಮ್ಮ ಮಾವ ಇದನ್ನು ಕಣ್ಣಾರೆ ಕಂಡು, "ಅಳಿಯಾ ರೈಲ್ವೆದಾಗ ದೊಡ್ಡ ನೌಕರಿದಾಗ ಅದಾನಂತ ಮಗಳನ್ನ ಕೊಟ್ಟೆ. ನೋಡಿದ್ರ ರೈಲಿಗೆ ಎತ್ತ ಆಗ್ಯಾನ" ಎಂದರು. "ಈ ಎತ್ತಿಗೆ ಇಂಗ್ಲಿಷ್ ಬರ್ತೈತ್ರಿ ಮಾವಾರ" ಎಂದೆ. ಸುಮ್ಮನಿರಬಹುದಿತ್ತು.

ನನ್ನ ಜೋಡಿಗೆ ಆ ಹಳಿಯ ಮೇಲೆ ಓಡುತ್ತಿದ್ದವರು ಮೇಲವಂಕಿಯ ಯಲ್ಲಪ್ಪ ಕಾಕಾ. ಸಂಬಂಧದಲ್ಲಿ ಕಾಕಾ ಅಲ್ಲ, ವಯಸ್ಸಿನಲ್ಲಿ ಕಾಕಾ. ಅವರಿಗೆ ಉಬ್ಬಸವಿತ್ತು. ಸಾಹೇಬನಿಗೆ ಗೊತ್ತಾದರೆ ನೌಕರಿಯಿಂದ ಇಳಿಸುತ್ತಾನೆ, ಮನೆಯಲ್ಲಿ ಗಂಡ ಸತ್ತ ಮಗಳಿದ್ದಾಳೆ ಎಂದು ಕಾಕಾ ಕೆಮ್ಮು ಬಂದಾಗಲೆಲ್ಲ ಬಸವಣ್ಣನ ಹೆಸರು ಜೋರಾಗಿ ಹೇಳಿ ಮುಚ್ಚಿಬಿಡುತ್ತಿದ್ದರು. ಇವ ಬಲು ದೈವಭಕ್ತ ಎಂದು ಸಾಹೇಬ ತಿಳಿದಿದ್ದ.

ಆ ಸಾಹೇಬ ಮದರಾಸಿನ ಕಡೆಯವ. ಕನ್ನಡ ಬಾರದು, ಮರಾಠಿ ಬಾರದು. ಛತ್ರಿಯ ಕೆಳಗೆ ಸದಾ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಹಿಂದಿನ ಸಾಹೇಬ ಹನ್ನೆರಡು ತಿಂಗಳೂ 'ಪುಶ್' ಎಂಬ ಒಂದೇ ಮಾತಿನಲ್ಲಿ ನಡೆಸಿದ್ದ. ಇವನು ಬಂದ ಮೂರನೆಯ ದಿನ 'ಡ್ರೈವ್' ಎಂದ. ಉಳಿದ ಮೂವರು ನನ್ನ ಮುಖ ನೋಡಿದರು. ನನ್ನ ಅರ್ಧ ಪುಸ್ತಕದಲ್ಲಿ 'ಪುಶ್' ಇತ್ತು, 'ಡ್ರೈವ್' ಓದದ ಅರ್ಧದಲ್ಲಿತ್ತೋ ಏನೋ. ನನಗೆ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. "ಪುಶ್ ಅಂದ್ರ ಸಾವಕಾಶ ಓಡಕೋತ ನೂಕೂದು. ಡ್ರೈವ್ ಅಂದ್ರ ಜೋರ ಓಡಕೋತ ನೂಕೂದು" ಎಂದೆ. ಓಡಿದೆವು. ಸಾಹೇಬ ಏನೂ ಅನ್ನಲಿಲ್ಲ. ನನ್ನ ಅರ್ಥ ಖರೆ ಎಂದು ನನಗೇ ಖಾತ್ರಿಯಾಯಿತು.

ಮುಂದೆ 'ಥ್ರಸ್ಟ್' ಬಂತು. ಅದು ಡ್ರೈವಿಗಿಂತ ಜೋರು ಎಂದೆ. 'ಪ್ರೊಪೆಲ್' ಬಂತು. ಶಬ್ದ ಉದ್ದ ಇದ್ದಷ್ಟೂ ಓಟ ಹೆಚ್ಚು ಎಂದು ಹೇಳಿ, ನಾನೇ ಮುಂದಾಗಿ ಓಡಿ ತೋರಿಸಿದೆ. ಕೆಲಸಕ್ಕೆ ಹಿಂದೆ ಬೀಳುವವ ನಾನಲ್ಲ. ಬೆಳಿಗ್ಗೆ ಸಾಹೇಬ ಬಾಯಿ ತೆರೆಯುವ ತನಕ ನಮ್ಮ ಕಾಲುಗಳ ಹಣೆಬರಹ ನಮಗೆ ಗೊತ್ತಿರುತ್ತಿರಲಿಲ್ಲ. ಪ್ರೊಪೆಲ್ ದಿನ ಸಾಹೇಬ ಪುಸ್ತಕ ಮುಚ್ಚಿ ಎರಡೂ ಕೈಯಿಂದ ಬೆಂಚು ಹಿಡಿದು ಕೂರುತ್ತಿದ್ದ. ಗಾಳಿಗೆ ಖುಷಿಪಡುತ್ತಿದ್ದಾನೆ ಎಂದುಕೊಂಡೆ. ಒಂದು ಸಲ ಅವನ ಟೊಪ್ಪಿಗೆ ಹಾರಿ ಘಟಪ್ರಭೆಯ ಪಾಲಾಯಿತು.

ಒಂದು ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, 'ಇಂಪೆಲ್' ಎಂದ.

"ಏನಂದ್ರೋ ತಮ್ಮಾ?" ಕಾಕಾ ಕೇಳಿದರು. ಆಗಲೇ ಅವರ ಎದೆ ಪೀಪಿಯಂತೆ ಕೂಗುತ್ತಿತ್ತು.

"ಪ್ರೊಪೆಲ್‌ಕಿಂತ ಮ್ಯಾಲಿಂದು ಕಾಕಾ."

"ಅದಕ್ಕಿಂತ ಮ್ಯಾಲೂ ಒಂದೈತಿ?" ಎಂದು ಕಾಕಾ ಧೋತರ ಬಿಗಿದುಕೊಂಡರು. "ಹಂಗಾರ ಸಾಹೇಬ್ರ ಮನ್ಯಾಗ ಇವತ್ತ ಏನೋ ಲಗ್ನ ಇರಬೇಕ."

ನಿಧಾನ ಹೋಗೋಣ ಎಂದು ಅವರು ಹೇಳುವಂತಿರಲಿಲ್ಲ, ಉಬ್ಬಸ ಬಯಲಾಗುತ್ತದೆ. ನಾನು ಹೇಳುವಂತಿರಲಿಲ್ಲ, ಇಂಗ್ಲಿಷ್ ಬಯಲಾಗುತ್ತದೆ. ಓಡಿದೆವು. ಏರಿನಲ್ಲಿ ಬಸವಣ್ಣನ ಹೆಸರು ಅರ್ಧಕ್ಕೆ ನಿಂತಿತು. ತಿರುಗಿ ನೋಡಿದರೆ ಆ ಹಳಿಯ ಮೇಲೆ ಕಾಕಾ ಇರಲಿಲ್ಲ. ಒಬ್ಬರ ಬಲ ತಪ್ಪಿದ ಟ್ರಾಲಿ ಹಿಂದಕ್ಕೆ ಉರುಳಿತ್ತು, ಅವರ ಜಾರಿದ ಕಾಲು ಗಾಲಿಯ ಕೆಳಗಿತ್ತು.

ಗೋಕಾಕದ ದವಾಖಾನೆಯಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಮರುದಿನ ಸಾಹೇಬ ಸ್ಟೇಶನ್ ಮಾಸ್ತರರನ್ನು ಕರೆದುಕೊಂಡು ಬಂದ. ಅವನ ಮಾತನ್ನು ಮಾಸ್ತರರು ಕನ್ನಡಕ್ಕೆ ತಿರುಗಿಸಿದರು. "ನೀವು ಹಂಗ್ಯಾಕ ಓಡತಿದ್ರಿ ಅಂತ ಸಾಹೇಬ್ರು ಕೇಳಾಕತ್ತಾರ. ಮನಿಗೆ ಹೋಗೂ ಗಡಿಬಿಡಿ ಅಂತ ತಿಳಕೊಂಡು, ಜೀವಾ ಕೈಯಾಗ ಹಿಡಕೊಂಡು ಕುಂತಿದ್ರಂತ."

ಕಾಕಾ ಹಾಸಿಗೆಯಿಂದಲೇ ಹೆಮ್ಮೆಯಿಂದ ಹೇಳಿದರು: "ಸಾಹೇಬ್ರೇ ಹೇಳತಿದ್ರಲ್ರಿ. ನಮಗ ತಿಳಿಯಂಗಿಲ್ಲ ಖರೆ. ನಮ್ಮ ತಮ್ಮ ಅದಾನ, ಇಂವಗ ಇಂಗ್ಲಿಷ್ ಬರ್ತೈತಿ."

ಮಾಸ್ತರರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಹೊರಗೆ ಬಂದವನೇ ಪೇಟೆಯಲ್ಲಿ ಒಂದು ನಿಘಂಟು ಕೊಂಡು, ಅಂಗಡಿಯ ಕಟ್ಟೆಯ ಮೇಲೆಯೇ ಕೂತು ಐದೂ ಶಬ್ದ ಹುಡುಕಿದೆ. ನೂಕು, ಮುಂದೆ ನೂಕು, ಮುಂದಕ್ಕೆ ದೂಡು. ಜೋರು ಓಡು ಎಂದು ಎಲ್ಲಿಯೂ ಇರಲಿಲ್ಲ. ಓದಿಕೊಂಡ ಆ ಸಾಹೇಬನಿಗೆ ದಿನವೂ ಅದೇ ಶಬ್ದ ಆಡಲು ಬೇಸರವಾಗುತ್ತಿತ್ತು, ಅಷ್ಟೇ.

ಕಾಕಾ ಈಗ ಮೇಲವಂಕಿಯಲ್ಲಿ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಮಗಳು ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ನಾನು ಹೋದಾಗಲೆಲ್ಲ ಬಾಜೂ ಮನೆಯವರನ್ನು ಕರೆದು, "ಐದು ನಮೂನಿ ಇಂಗ್ಲಿಷ್ ಓಟ ಓಡಿದಾಂವ ನಾ. ಬೇಕಾದ್ರ ಇಂವನ್ನ ಕೇಳ್ರಿ" ಎನ್ನುತ್ತಾರೆ. ಅವರು ಕೇಳುತ್ತಾರೆ. ನಾನು ಹೌದು ಎನ್ನುತ್ತೇನೆ. ಖರೆ ಹೇಳಿದರೆ ಮುದುಕನಿಗೆ ಉಳಿದಿರುವ ಈ ಹೆಮ್ಮೆಯೂ ಹೋದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ನನ್ನ ಹೆಮ್ಮೆಯನ್ನೂ ಜೊತೆಗೆ ಉಳಿಸಿಕೊಂಡು ಬಸ್ಸು ಹತ್ತುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ನಿಘಂಟು ಒಂದು, ಇಂಗ್ಲಿಷ್ ಶಬ್ದ ಐದು, ಅವಕ್ಕೆ ಅರ್ಥ ಒಂದು, ಕಾಲು ಎರಡು.