ನಮ್ಮನೆಯವರು ಮೊಬೈಲಿನಲ್ಲಿ ತೋಡಿದ ಬಾವಿ

ನಗಬಾರದ ಮನೆಯಲ್ಲೇ ನಗು ಬರೋ ಕೆಲಸಗಳು ಹೆಚ್ಚು ನಡೀತಾವೆ. ಈ ಎಂಟು ತಿಂಗಳಲ್ಲಿ ನನಗೆ ಇದು ಚೆನ್ನಾಗಿ ಗೊತ್ತಾಗಿದೆ.

ನಮ್ಮದು ಮೊಳಕಾಲ್ಮುರು ಕಡೆಯ ಸಿದ್ದಾಪುರದ ಹತ್ತಿರದ ಹಳ್ಳಿ. ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ನಮ್ಮನೆಯವರು ಮತ್ತು ಅವರ ತಮ್ಮ ಹಳೇ ಬಾವಿಗಳ ಹೂಳೆತ್ತುವವರು. ತಮ್ಮ ಕೆಳಗೆ, ಇವರು ಮೇಲೆ ರಾಟೆ ಹತ್ತಿರ. ಒಂದು ದಿನ ಮಧ್ಯಾಹ್ನ ಬಾವಿಯ ಗೋಡೆ ಕುಸಿಯಿತು. ಮೈದುನ ಒಳಗೇ ಉಳಿದ. ಅವನನ್ನು ಎಳೆಯೋಕೆ ಇಳಿದ ಇವರ ಕಾಲು ಎರಡು ಕಡೆ ಮುರಿಯಿತು.

ಪಕ್ಕದ ಮನೆಯೇ ಆ ಮೈದುನನ ಹೆಂಡತಿ, ನನ್ನ ವಾರಗಿತ್ತಿಯದು. ತಿಥಿ ಆದ ಮೇಲೆ ಬಂದು ಒಂದೇ ಮಾತು ಕೇಳಿದಳು. "ಕೊನೇಗೆ ಏನಂದ್ರು ಭಾವ, ಅವ್ರು?"

"ಏನೂ ಅನ್ಲಿಲ್ಲವ್ವ" ಅಂತ ಇವರು ಗೋಡೆ ಕಡೆ ತಿರುಗಿಕೊಂಡರು.

ಸುಳ್ಳು ಅಂತ ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಬಾವಿಯಲ್ಲಿ ಕೆಳಗಿನವನು ಬಾಯಿ ಮುಚ್ಚೋ ಹಾಗೇ ಇಲ್ಲ. ಮೇಲಿನವನು ಕೂಗಬೇಕು, ಕೆಳಗಿನವನು ಓಗೊಡಬೇಕು, ಅದೇ ಕೆಲಸದ ಮೊದಲನೇ ಪಾಠ. ಅವತ್ತಿನಿಂದ ಅವಳು ಬಂದರೆ ಸಾಕು, ಇವರು ಮುಖದ ಮೇಲೆ ಕಂಬಳಿ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಅವಳು ಬರೋದನ್ನೇ ಬಿಟ್ಟಳು. ಗಂಡನ ಒಂದು ಮಾತಿಗೋಸ್ಕರ ಅವಳು ಆ ಕಡೆ ಒಣಗುತ್ತಿದ್ದಳು, ಅದನ್ನು ನುಂಗಿಕೊಂಡು ಇವರು ಈ ಕಡೆ ಒಣಗುತ್ತಿದ್ದರು. ನಡುವೆ ಇದ್ದದ್ದು ಒಂದು ಗೋಡೆ, ಮತ್ತೆ ನಾನು.

"ಸುಮ್ನೆ ಮಲಗಿಸಬೇಡಿ, ಏನಾದ್ರೂ ಮಾಡ್ತಾ ಇರ್ಲಿ" ಅಂದರು ಚಳ್ಳಕೆರೆ ಡಾಕ್ಟ್ರು. ಮೊಳಕಾಲ್ಮುರಿನ ಕಾಲೇಜಿಗೆ ಹೋಗುವ ನನ್ನ ಮಗಳು ಅಪ್ಪನ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟಳು. ನೆಲ ಅಗೆಯೋದು, ಒಳಗೆ ಇಳಿಯೋದು, ಸಾಯದೆ ಬದುಕೋದು, ಅಷ್ಟೇ ಆಟ. ಬಾವಿಯಿಂದ ಎದ್ದು ಬಂದವರಿಗೆ ಬಾವಿಯನ್ನೇ ಕೊಟ್ಟೆಯಲ್ಲೇ ಅಂತ ನಾನು ಬೈದೆ. ಆದರೆ ಇವರು ಕಂಬಳಿಯಿಂದ ಮುಖ ಹೊರಗೆ ಹಾಕಿದರು.

ಬರಿಗೈಲಿ ಮರ

ಆಟದಲ್ಲಿ ಇಟ್ಟಿಗೆ ಜೋಡಿಸಿ ಮಾಡಿದಂಥ ಒಬ್ಬ ಮೊಂಡ ಮನುಷ್ಯ. ಕೈಯಲ್ಲಿ ಏನೂ ಇಲ್ಲ.

"ಕೊಡ್ಲಿ ಎಲ್ಲವ್ವ?" ಅಂದರು ಇವರು.

"ಕೊಡ್ಲಿ ನೀನೇ ಮಾಡ್ಕೋಬೇಕಪ್ಪ. ಮೊದ್ಲು ಮರಕ್ಕೆ ಗುದ್ದು."

"ಮರಕ್ಕೆ ಗುದ್ದಿದ್ರೆ ಕೈ ಮುರಿತೈತೆ."

"ಇಲ್ಲಿ ಮರ ಮುರಿತೈತೆ."

ಗುದ್ದಿದರು. ಬುಡದ ತುಂಡು ಕೈಗೆ ಬಂತು. ಮೇಲಿನ ಮರ ಹಾಗೇ ಗಾಳಿಯಲ್ಲಿ ನಿಂತಿತು! ಇವರು ಮೊಂಡ ಮನುಷ್ಯನನ್ನು ದೂರ ಓಡಿಸಿ, ಅದು ಬೀಳಲಿ ಅಂತ ಊಟದ ಹೊತ್ತಿನವರೆಗೂ ಕಾದರು. "ಬೀಳಲ್ಲಪ್ಪ, ಇಲ್ಲಿ ಹಂಗೇ" ಅಂದರೂ ನಂಬಲಿಲ್ಲ.

ಅದಕ್ಕಿಂತ ಆಶ್ಚರ್ಯ ಅವನ ಚೀಲ. ಗುಡ್ಡದಷ್ಟು ಕಲ್ಲು ಅಗೆದು ತುಂಬಿದರೂ ಬೆನ್ನು ಬಾಗದೆ ಕುಣೀತಾ ಓಡುತ್ತಾನೆ. "ಇಂಥೋನು ಒಬ್ಬ ಜೊತೆಗಿದ್ದಿದ್ರೆ ಸಾಕಿತ್ತಲ್ಲೇ, ನಾವಿಬ್ರೂ..." ಅಂದು ಇವರು ನಿಲ್ಲಿಸಿಬಿಟ್ಟರು. 'ಇಬ್ರೂ' ಅಂದ ಮೇಲೆ ಆ ದಿನ ಮತ್ತೆ ಮೊಬೈಲ್ ಮುಟ್ಟಲಿಲ್ಲ. ಮರ ಮಾತ್ರ ಮಾರನೇ ದಿನವೂ ಗಾಳಿಯಲ್ಲೇ ಇತ್ತು.

ಪೂಜೆ

"ನೇರ ಕೆಳಗೆ ಅಗೀಬಾರದಪ್ಪ, ಆಟದಲ್ಲಿ ಅದೇ ದೊಡ್ಡ ತಪ್ಪು" ಅಂದಳು ಮಗಳು.

"ಬಾವಿ ಯಾರಾದ್ರೂ ಅಡ್ಡ ತೋಡ್ತಾರೇನೇ? ನನಗೆ ಹೇಳಿಕೊಡೋಕೆ ಬಂದ್ಲು."

ಆದರೆ ಪೂಜೆ ಮಾಡದೆ ಹಾರೆ ಹಾಕುವವರಲ್ಲ ಇವರು. ನನ್ನ ಕೈಲಿ ಊದುಬತ್ತಿ ಹಚ್ಚಿಸಿದರು, ಕಾಯಿ ಒಡೆಸಿದರು, ಮೊಬೈಲಿನ ನೆಲಕ್ಕೆ ಕುಂಕುಮ ಇಡು ಅಂದರು. ನಾನು ಬೆರಳು ಇಟ್ಟೆ. ಮುಟ್ಟಿದರೆ ಅಗೆಯುವ ಆಟ ಅದು, ನನಗೇನು ಗೊತ್ತು? ಮೊಂಡ ಮನುಷ್ಯ ಅಗೆದ, ಅಗೆದ, ಧಡ್ ಅಂತ ಕೆಳಗೆ ಹೋಗಿ ಕುದಿಯೋ ಬೆಂಕಿಯ ಹೊಂಡಕ್ಕೆ ಬಿದ್ದ. ಕುಂಕುಮ ಇನ್ನೂ ಒಣಗಿರಲಿಲ್ಲ.

ನನಗೆ ಅಳು ಬಂತು. ಇವರೂ ಬಿಳಿಚಿಕೊಂಡರು. ಅಷ್ಟರಲ್ಲಿ ಅವನು, ಇವರು ಆಟದಲ್ಲಿ ಕಟ್ಟಿಕೊಟ್ಟಿದ್ದ ಗುಡಿಸಲಿನ ಹಾಸಿಗೆಯಿಂದ ಎದ್ದು ನಿಂತ!

"ಸತ್ರೆ ಎಲ್ಲಿ ಮಲಗಿದ್ದರೋ ಅಲ್ಲೇ ಏಳ್ತಾರಪ್ಪ" ಅಂದಳು ಮಗಳು.

ಇವರು ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನಗೆ ಹೇಳಿದರು, "ಪೂಜೆ ನೀನು ಮಾಡಿದ್ದು ಸರಿಯಾಗೇ ಐತೆ ಬಿಡು."

ಹೊಟ್ಟೆ ಹಸಿದವನು

ಇವರಿಗೆ ಅನ್ನ ಸೇರುತ್ತಿರಲಿಲ್ಲ. ತಟ್ಟೆ ಇಟ್ಟರೆ ಇಟ್ಟ ಹಾಗೇ ವಾಪಸ್. ಆದರೆ ಆ ಮೊಂಡನಿಗೆ ಹಸಿವಾದರೆ ಮೊಬೈಲಿನಲ್ಲಿ ಗುರುತು ಬರುತ್ತೆ. ಆಗ ನೋಡಬೇಕು ಇವರ ಒದ್ದಾಟ! "ಲೇ, ಇವನು ಉಂಡಿಲ್ಲ ಕಣೇ! ಸಾಯ್ತಾನೆ! ಏನಾದ್ರೂ ಬೇಯಿಸೋದು ಹೆಂಗೆ, ಮಗಳನ್ನ ಕೇಳು!"

ನಾನು ಒಂದು ಕಟ್ಟಳೆ ಮಾಡಿದೆ. "ನೀವು ಒಂದು ಮುದ್ದೆ ಉಂಡ್ರೆ ಅವನಿಗೆ ಒಂದು ರೊಟ್ಟಿ. ಇಲ್ದಿದ್ರೆ ಇಬ್ರೂ ಉಪವಾಸ ಬಿದ್ದಿರಿ."

ಗೊಣಗುತ್ತಾ ಉಂಡರು. ಒಂದು ತಿಂಗಳಲ್ಲಿ ಮುಖಕ್ಕೆ ಸ್ವಲ್ಪ ಕಳೆ ಬಂತು. ಊರವರು "ಯಾವ ಟಾನಿಕ್ ಕೊಟ್ಟೆ?" ಅಂತ ಕೇಳಿದರೆ ನಾನು ಏನಂತ ಹೇಳಲಿ?

ಕೂಗು

ಆ ಆಟದಲ್ಲಿ ಕಲ್ಲು ಗಾಳಿಯಲ್ಲಿ ನಿಲ್ಲುತ್ತೆ, ಮರಳು ಮಾತ್ರ ಬೀಳುತ್ತೆ. "ಈ ಆಟ ಮಾಡಿದೋನಿಗೆ ಮರಳು ಅಂದ್ರೆ ಏನಂತ ಗೊತ್ತೈತೆ" ಅಂದರು ಇವರು. ಆಟದ ಬಾವಿ ಸುತ್ತ ದಿನಗಟ್ಟಲೆ ಕಲ್ಲು ಕಟ್ಟಿದರು, ಮೊಳಕ್ಕೊಂದು ಪಂಜು ಸಿಕ್ಕಿಸಿದರು. ಕತ್ತಲಿದ್ದರೆ ಭೂತಗಳು ಹುಟ್ಟುತ್ತವಂತೆ. ಮೊಂಡನನ್ನು ಇಳಿಸುವಾಗ ಹಳೇ ಅಭ್ಯಾಸ ತಾನಾಗೇ ಬಾಯಿಗೆ ಬಂತು. "ಓ... ಹುಷಾರ್ಲೇ! ಓ...!"

ಗೋಡೆಯಾಚೆ ವಾರಗಿತ್ತಿ ಮುದ್ದೆ ತಿರುವುತ್ತಿದ್ದಳು. ಮುದ್ದೆ ಕೋಲು ಹಿಡಿದುಕೊಂಡೇ ಓಡಿ ಬಂದಳು. "ಅಯ್ಯೋ ದೇವುಡಾ! ಅಕ್ಕಾ, ಭಾವ ಮತ್ತೆ ಬಾವಿಗೆ ಹೋದ್ರಾ?"

ಇವರು ಕಂಬಳಿಗೆ ಕೈ ಹಾಕಿದರು. ಆದರೆ ಮೊಬೈಲಿನಿಂದ ಬೆರಳು ತೆಗೆದರೆ ಮೊಂಡ ಬೀಳುತ್ತಾನೆ. ಹಾಗಾಗಿ ಅವಳು ಎದುರಿಗೆ ಕೂತಳು, ಇವರು ತಪ್ಪಿಸಿಕೊಳ್ಳಲಾಗದೆ ಕೂತರು.

ಮಗಳು ತನ್ನ ಮೊಬೈಲನ್ನು ಚಿಕ್ಕಮ್ಮನ ಕೈಗೆ ಕೊಟ್ಟಳು. ಒಂದೇ ಲೋಕದಲ್ಲಿ ಇಬ್ಬರೂ ಓಡಾಡಬಹುದಂತೆ. ವಾರಗಿತ್ತಿಯ ಮನುಷ್ಯ ಬಾವಿಯ ಅಂಚಿಗೆ ಬಂದ. ಇವರು "ಬೇಡವ್ವ, ಆ ಕಲ್ಲಿನ ಹಿಂದೆ ಮರಳೈತೆ" ಅನ್ನುವಷ್ಟರಲ್ಲಿ ಅವಳು ಬೆರಳು ಒತ್ತಿ ಆ ಕಲ್ಲು ಕಿತ್ತೇಬಿಟ್ಟಳು. ಮೇಲಿನ ಮರಳೆಲ್ಲ ಜರಿದು ಕೆಳಗಿದ್ದ ಇವರ ಮೊಂಡನ ಮೇಲೆ ಬಿತ್ತು. ಅವನು ಮುಚ್ಚಿಹೋದ, ಸತ್ತ.

ನನ್ನ ಮಿಷನ್ ನಿಂತಿತು. ವಾರಗಿತ್ತಿ ಮೊಬೈಲನ್ನು ಕೆಳಗಿಟ್ಟಳು. "ಭಾವ, ನಾನೇ ಕೊಂದ್ನಲ್ಲ..."

ಇವರು ಮೊಬೈಲನ್ನು ಅವಳ ಕಡೆ ತಿರುಗಿಸಿದರು. "ಇಲ್ಲವ್ವ, ನೋಡು. ಹಾಸಿಗೇಲಿ ಎದ್ದ. ಇಲ್ಲಿ ಏಳ್ತಾರೆ." ಅಂದವರೇ ಎಂಟು ತಿಂಗಳಿಂದ ತಡೆದದ್ದನ್ನೆಲ್ಲ ಅತ್ತರು. ಅವಳೂ ಅತ್ತಳು.

ಅಳು ಒಂದು ಹಂತಕ್ಕೆ ಬಂದ ಮೇಲೆ ಕೇಳಿದಳು, "ಈಗಾದ್ರೂ ಹೇಳಿ ಭಾವ. ಏನಂದ್ರು?"

"ಹೆಂಗೆ ಹೇಳ್ಲವ್ವ? ನಿನ್ನ ಹೆಸ್ರೋ, ದೇವರ ಹೆಸ್ರೋ ಅಂದಿದ್ರೆ ಅವತ್ತೇ ಹೇಳ್ತಿದ್ದೆ. ಇದು ಹೇಳೋ ಮಾತಲ್ಲ."

"ಎಂಥದ್ದಾದ್ರೂ ಸರಿ, ಅದು ನಂದು. ಕೊಡ್ರಿ."

ಇವರು ತಲೆ ತಗ್ಗಿಸಿದರು. "ಕೆಳಗೆ ಇಳಿಯೋನು ಮೊದ್ಲು ಉಣ್ಣೋದು. ಅವನು ಉಂಡು ಇಳಿದ, ನಾನಿನ್ನೂ ಉಂಡಿರಲಿಲ್ಲ. ಕೆಳಗಿಂದ ಕೂಗಿದ, 'ಅಣ್ಣಾ, ಇವತ್ತಿನ ಸಾರಿಗೆ ಉಪ್ಪೇ ಇಲ್ಲ ಕಣಣ್ಣ, ಇದಕ್ಕಿಂತ ಕಲಗಚ್ಚು ವಾಸಿ' ಅಂತ. ನಾನು ನಕ್ಕೆ. ಮತ್ತೆ ಕೂಗಿದೆ, ಓಗೊಡಲಿಲ್ಲ. ಗಂಡನ ಕೊನೇ ಮಾತು ನಿನ್ನ ಸಾರು ಬೈದದ್ದು ಅಂತ ಯಾವ ಬಾಯಲ್ಲಿ ಹೇಳ್ಲಿ ತಾಯಿ?"

ವಾರಗಿತ್ತಿ ಕಣ್ಣು ಒರೆಸೋದನ್ನು ನಿಲ್ಲಿಸಿದಳು. "ನನ್ನ ಸಾರಾ? ಅವತ್ತು ನಾನೆಲ್ಲಿದ್ದೆ ಭಾವ? ಬೆಳಿಗ್ಗೆ ಮೊದಲನೇ ಬಸ್ಸಿಗೆ ರಾಯದುರ್ಗಕ್ಕೆ ತವರಿಗೆ ಹೋಗಿದ್ನಲ್ಲ! ಇಬ್ರಿಗೂ ಬುತ್ತಿ ಕಟ್ಟಿದ್ದು ಅಕ್ಕ!"

ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನಾನು ಸೂಜಿಗೆ ದಾರ ಪೋಣಿಸೋಕೆ ಹೋದೆ, ಅದು ಮೊದಲೇ ಪೋಣಿಸಿ ಇತ್ತು. ಮೊದಲು ನಕ್ಕವಳು ಅವಳೇ. ಆಮೇಲೆ ಇವರು, ಆಮೇಲೆ ಮಗಳು. ಅಷ್ಟು ಜೋರಾಗಿ ನಕ್ಕರೆ ನನಗೆ ಸಿಟ್ಟು ಬರಲ್ಲವೇ?

"ಉಪ್ಪು ಹಾಕಿದ್ದೆ ಕಣ್ರೀ! ಅವನ ನಾಲಿಗೇನೇ ಸರಿ ಇರಲಿಲ್ಲ" ಅಂತ ನಾನು ಸತ್ತವನ ಮೇಲೆ ಜಗಳಕ್ಕೆ ನಿಂತೆ.

ವಾರಗಿತ್ತಿ ನಗು ನಿಲ್ಲಿಸಿ, ಮುದ್ದೆ ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು, "ಇಲ್ಲ ಅಕ್ಕ. ಉಪ್ಪಿನ ವಿಷಯದಲ್ಲಿ ನಮ್ಮನೆಯವ್ರು ಒಂದು ದಿನಾನೂ ಸುಳ್ಳು ಹೇಳಿದೋರಲ್ಲ."