ಎಡಗೈ ತೋರಿಸದ ಟವೆಲ್ಲಣ್ಣ

ವಕೀಲರ ಆಫೀಸಿನಲ್ಲಿ ನಗೋದಕ್ಕೆ ಏನಿರುತ್ತೆ ಅಂತ ಜನ ಕೇಳ್ತಾರೆ. ಕೈ ಜಜ್ಜಿಕೊಂಡವರು, ಕಾಲು ಮುರಿದುಕೊಂಡವರು, ಅಣ್ಣತಮ್ಮಂದಿರ ಸೈಟು ಜಗಳ, ಇಷ್ಟೇ ತಾನೇ? ಕುಂಬಾರಕೊಪ್ಪಲಿನಿಂದ ದಿನಾ ಬಸ್ಸಲ್ಲಿ ನಿಂತು ಬಂದು, ಸರಸ್ವತಿಪುರಂನ ಆ ಎರಡು ಕೋಣೆಯ ಆಫೀಸಿನಲ್ಲಿ ಹದಿನೈದು ವರ್ಷ ಟೈಪ್ ಕುಟ್ಟಿದವಳು ನಾನು. ನನ್ನನ್ನು ಕೇಳಿ. ನಗದೇ ಇದ್ದ ವಾರ ಒಂದೂ ಇರಲಿಲ್ಲ. ಈಗ ಆ ಆಫೀಸೂ ಇಲ್ಲ, ನಮ್ಮ ಸರ್ರೂ ಇಲ್ಲ. ಒಬ್ಬಳೇ ಅಡುಗೆಮನೆಯಲ್ಲಿ ನಕ್ಕರೆ ಸೊಸೆ ಬಂದು ಇಣುಕಿ ನೋಡ್ತಾಳೆ. ಅದಕ್ಕೇ ಬರೆದು ಹಾಕ್ತಿದ್ದೀನಿ.

೧. ಮೊದಲು ಕಾಫಿ

ನಮ್ಮಲ್ಲೊಂದು ಕಾನೂನಿತ್ತು. ಯಾರೇ ಬರಲಿ, ಕಾಫಿ ಕುಡಿಯದೆ ಕಷ್ಟ ಹೇಳೋ ಹಾಗಿಲ್ಲ. "ಬಾಯಿ ಒಣಗಿದವರು ಅರ್ಧ ಮಾತು ನುಂಗಿಬಿಡ್ತಾರೆ ಕಣಮ್ಮ" ಅಂತಿದ್ದರು ಸರ್.

ತೊಂಬತ್ತರ ದಶಕದಲ್ಲಿ ಒಂದು ದಿನ ವಿದ್ಯಾರಣ್ಯಪುರಂ ಕಡೆಯಿಂದ ಒಬ್ಬರು ಬಂದರು. ಎಡಗೈಗೆ ಟವೆಲ್ ಸುತ್ತಿಕೊಂಡಿದ್ದರು. ಕೂತರು, ಕಾಫಿ ಕುಡಿದರು, ಲೋಟ ತಾವೇ ತೊಳೆದಿಟ್ಟರು, ಸರ್‌ಗೆ ತಲೆ ಬಗ್ಗಿಸಿ ಹೊರಟೇ ಹೋದರು.

"ಏನಮ್ಮ ಅವರ ಕೇಸು?"

"ಗೊತ್ತಿಲ್ಲ ಸರ್. ಕಾಫಿ ಚೆನ್ನಾಗಿತ್ತು ಅಂದರು."

ಮಾರನೇ ದಿನ ಮತ್ತೆ ಹಾಜರ್! ನನಗೆ ರೇಗಿತು. "ಏನ್ರೀ, ಇದೇನು ಹೋಟ್ಲು ಅಂದ್ಕೊಂಡ್ರಾ?" ಅಂದುಬಿಟ್ಟೆ.

"ಅಂಗಲ್ಲ ಅಕ್ಕಾ. ಕಾಫಿ ಕುಡುದ್ ತಕ್ಷಣ ಕಷ್ಟ ಹೇಳ್ಕಂಡ್ರೆ ಏನ್ ಚೆಂದ? ಅದ್ಕೇ ನೆನ್ನೆ ಸುಮ್ಕೆ ಒಂಟೋದೆ. ಇವತ್ತು ಮನೇಲೇ ಕುಡ್ಕಂಡ್ ಬಂದ್ಬುಟ್ಟಿದೀನಿ."

ಟವೆಲ್ ಬಿಚ್ಚಿಸಿ ನೋಡಿದರೆ ಎರಡು ಬೆರಳಿಲ್ಲ. ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ಸಿಗೆ ಸಿಕ್ಕಿ ಹೋಗಿದ್ದವು. ಸಣ್ಣ ಗಾಯ, ವಾಸಿಯಾಗಿದೆ ಅಂತ ಮಾಲೀಕ ಕೈತೊಳೆದುಕೊಂಡಿದ್ದ, ಕೆಲಸದಿಂದಲೂ ತೆಗೆದಿದ್ದ. ಪರಿಹಾರ ಸಿಕ್ಕರೆ ಒಂದು ಇಸ್ತ್ರಿ ಅಂಗಡಿ ಇಡಬೇಕು, ಇಲ್ಲದಿದ್ದರೆ ಹೆಂಡತಿಯ ದುಡಿಮೆಯಲ್ಲಿ ಕೂತು ಉಣ್ಣಬೇಕು. "ಅದೊಂದ್ ಮಾತ್ರ ನನ್ ಕೈಲಾಗಕಿಲ್ಲ ಸ್ವಾಮಿ" ಅಂದರು. ಅವತ್ತಿನಿಂದ ಅವರು ನಮಗೆ ಟವೆಲ್ಲಣ್ಣ.

೨. ಕೋಟು ಹಾಕಿದ ಟೈಪಿಸ್ಟು

ಸಾಕ್ಷಿ ಹೇಳೋರಿಗೆ ಆಫೀಸಿನಲ್ಲೇ ತಾಲೀಮು ನಡೀತಿತ್ತು. ಸರ್ ತಮ್ಮ ಕರಿ ಕೋಟು ತೆಗೆದು ನನಗೆ ಹಾಕಿಸಿ, "ನೀನು ಎದುರು ಪಾರ್ಟಿ ವಕೀಲೆ, ಬಿಡಬೇಡ" ಅನ್ನೋರು. ತೋಳು ನನ್ನ ಬೆರಳು ದಾಟಿ ಜೋತಾಡೋದು. ಆದರೂ ಸೊಂಟದ ಮೇಲೆ ಕೈಯಿಟ್ಟು ಜೋರು ಮಾಡಿದೆ: "ನಿಮ್ಮ ಕೈಗೆ ಏನೂ ಆಗಿಲ್ಲ, ಅಲ್ಲವೇ?"

"ಊಂ ಅಕ್ಕಾ."

ಸರ್ ಹಣೆ ಚಚ್ಚಿಕೊಂಡರು. "ಯಾಕಯ್ಯಾ ಹೂಂ ಅಂದೆ?"

"ಎಣ್ಮಗಳು, ಕೋಟ್ ಬೇರೆ ಆಕವ್ರೆ. ಅಷ್ಟ್ ಆಸೆಯಿಂದ ಕೇಳ್ದಾಗ ಎಂಗೆ ಇಲ್ಲ ಅನ್ನದು?"

ಆಸೆ ಅಂತೂ ನಿಜ. ಪಿಯುಸಿಗೇ ಓದು ಬಿಡಿಸಿ ಮದುವೆ ಮಾಡಿದ್ದರು ನನಗೆ. "ನೀನು ಲಾ ಓದಬೇಕಿತ್ತು ಕಣಮ್ಮ" ಅಂದರು ಸರ್ ಅವತ್ತು. "ಇನ್ನೇನು ಬಿಡಿ ಸರ್" ಅಂದೆ. ಆ ಕೋಟಿನ ನುಸಿಗುಳಿಗೆ ವಾಸನೆ ಈಗಲೂ ಬೇಕು ಅನ್ನಿಸುತ್ತೆ. ಯಾರಿಗೆ ಹೇಳೋದು?

ಎರಡು ವಾರ ಗುದ್ದಾಡಿ "ಇಲ್ಲ" ಅನ್ನೋದನ್ನು ಕಲಿಸಿದೆವು. ಆಮೇಲೆ ಪುಣ್ಯಾತ್ಮ, ಕಾಫಿ ಬೇಕಾ ಅಂದರೂ "ಇಲ್ಲ, ಸುಳ್ಳು" ಅನ್ನೋಕೆ ಶುರು ಮಾಡಿದರು.

೩. ಯಾವ ಕೈ?

ಆದರೆ ಒಂದು ಕಲಿಸಲು ಮರೆತಿದ್ದೆವು.

ಪರಿಹಾರದ ಕೇಸು ಕೇಳುವ ಅಧಿಕಾರಿಗಳು ವಯಸ್ಸಾದವರು, ಕನ್ನಡಕ ಮೂಗಿನ ತುದಿಗೆ. ವಿಚಾರಣೆ ದಿನ ಟವೆಲ್ಲಣ್ಣ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ನಾನು ಹಿಂದಿನ ಬೆಂಚಿನಲ್ಲಿ ಅವರ ಹೆಂಡತಿ ಜೊತೆ ಕೂತಿದ್ದೆ. ಕೊನೆಗೆ ಅಧಿಕಾರಿಗಳು, "ಎಲ್ಲಿ, ಕೈ ತೋರಿಸಪ್ಪ" ಅಂದರು.

ಟವೆಲ್ಲಣ್ಣ ಬಲಗೈ ಚಾಚಿದರು. ಐದಕ್ಕೆ ಐದೂ ಬೆರಳು!

"ನೋಡಿ ಸಾರ್," ಎದುರು ವಕೀಲರು ಎದ್ದೇಬಿಟ್ಟರು, "ನಾವು ಹೇಳಿದ್ದು ಇದನ್ನೇ!"

"ಎಡಗೈ ತೋರ್ಸಯ್ಯಾ!" ಅಂತ ಸರ್ ಗುಡುಗಿದರು. ಟವೆಲ್ಲಣ್ಣ ಎಡಗೈಯನ್ನು ಇನ್ನಷ್ಟು ಬೆನ್ನ ಹಿಂದಕ್ಕೆ ಸರಿಸಿದರು. ಇಷ್ಟು ತಿಂಗಳ ಓಡಾಟ ನೀರುಪಾಲಾಯ್ತು ಅಂದುಕೊಂಡೆ. ಅಷ್ಟರಲ್ಲಿ ನನ್ನ ಪಕ್ಕದಿಂದ ಹೆಂಡತಿ ಎದ್ದು ಹೋಗಿ, ಬೆನ್ನ ಹಿಂದಿನ ಕೈಯನ್ನು ಎಳೆದು ಮೇಜಿನ ಮೇಲೆ ಇಟ್ಟುಬಿಟ್ಟಳು. "ಇದು ಸ್ವಾಮಿ, ಇದು! ಇವ್ರ್ ತೋರ್ಸದು ಕಂಡಂಗದೆ!"

"ಯಾಕಯ್ಯಾ ಮುಚ್ಚಿಟ್ಟೆ?" ಅಂದರು ಅಧಿಕಾರಿಗಳು.

"ತಾವು ದೊಡ್ಡೋರು. ದೊಡ್ಡೋರ ಮುಂದ್ಕೆ ಎಡಗೈ ಚಾಚಕ್ಕಾಯ್ತದಾ ಸ್ವಾಮಿ? ಬೆರಳ್ ಓದ್ರೆ ಓಯ್ತು, ಮರ್ವಾದೆನೂ ಓಗ್ಬೇಕಾ?"

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಎದುರು ವಕೀಲರೂ ನಕ್ಕರು. ಕೇಸು ನಮ್ಮಂತೆ ಆಯಿತು.

೪. ಶನಿವಾರದ ಕೋಟು

ವಿದ್ಯಾರಣ್ಯಪುರಂನಲ್ಲಿ ಇಸ್ತ್ರಿ ಅಂಗಡಿ ಎದ್ದಿತು. ಪ್ರತಿ ವಾರ ಟವೆಲ್ಲಣ್ಣ ಸರ್ ಕೋಟು ಶುಕ್ರವಾರ ಸಂಜೆ ಒಯ್ದು, ಶನಿವಾರ ಗರಿಗರಿ ಮಾಡಿ ತರೋರು. ಕೊಡೋದು ಬಲಗೈಯಲ್ಲಿ, ಎಡಗೈ ಬೆನ್ನ ಹಿಂದೆ. ಸರ್ ಬೇಕಂತಲೇ ಗುಡುಗೋರು: "ಎಡಗೈ ತೋರ್ಸಯ್ಯಾ! ಅವತ್ತು ತೋರಿಸಿದ್ದು ನಿನ್ನ ಹೆಂಡತಿ, ನೀನಲ್ಲ!"

"ಇವತ್ ಬ್ಯಾಡಿ ಸ್ವಾಮಿ, ಇನ್ನೊಂದಿನ" ಅಂತ ಹಲ್ಲು ಕಿರಿದು ಓಟ. ಹತ್ತು ವರ್ಷ ಇದೇ ಆಟ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಈ ಆಟ ಮಾತ್ರ ನಿಲ್ಲಲಿಲ್ಲ. ನನಗಂತೂ ಶನಿವಾರ ಬಂದರೆ ಹಬ್ಬ.

ಒಂದು ಶನಿವಾರ ಕೋಟು ಬಂತು, ಹಾಕಿಕೊಳ್ಳೋಕೆ ಸರ್ ಇರಲಿಲ್ಲ. ಹಿಂದಿನ ರಾತ್ರಿ ಆಸ್ಪತ್ರೆಗೆ ಹೋದವರು ವಾಪಸ್ ಬರಲೇ ಇಲ್ಲ. ಟವೆಲ್ಲಣ್ಣ ಕೋಟನ್ನು ಎದೆಗೆ ಒತ್ತಿಕೊಂಡು ಹಾಗೇ ಹಿಂದಿರುಗಿದರು.

ಹನ್ನೊಂದನೇ ದಿನ ಸರ್ ಮನೆಯಲ್ಲಿ ಶಿವಗಣಾರಾಧನೆ. ಹಾಲ್ ತುಂಬ ಜನ, ಮಠದ ಕಡೆಯ ಹಿರಿಯರು. ಸರ್ ಹೆಂಡತಿ, ನಮ್ಮ ಅಮ್ಮಾವರು, ಅಷ್ಟು ದಿನವೂ ಯಾರ ಜೊತೆಗೂ ಒಂದು ಮಾತಾಡಿರಲಿಲ್ಲ, ಗೋಡೆಗೆ ಒರಗಿ ಕೂತೇ ಇದ್ದರು. ಟವೆಲ್ಲಣ್ಣ ಬಂದರು. ಕೋಟನ್ನು ಬಲಗೈಯಲ್ಲಿ ಸರ್ ಫೋಟೋ ಮುಂದೆ ಇಟ್ಟರು. ಆಮೇಲೆ ಬೆನ್ನ ಹಿಂದಿನ ಎಡಗೈ ತೆಗೆದು, ಉಳಿದ ಮೂರು ಬೆರಳನ್ನೂ ಬಿಡಿಸಿ, ಫೋಟೋದ ಮುಖಕ್ಕೆ ನೇರ ಹಿಡಿದರು.

"ತಕಳಿ ಸ್ವಾಮಿ, ತೋರ್ಸಿದೀನಿ. ನಾನೇ ತೋರ್ಸಿದೀನಿ. ಈಗ್ಲಾದ್ರೂ ಒಂದ್ ಕಿತ ಗದರ್ಕಳಿ."

ನನಗೆ ಅಳು ಒತ್ತರಿಸಿ ಬಂತು. ಹಿರಿಯರೊಬ್ಬರು ಗಾಬರಿಯಾಗಿ, "ಯಾರ್ರೀ ಇವರು? ಲಿಂಗೈಕ್ಯರಾದವರಿಗೆ ಎಡಗೈಯಲ್ಲಿ ಆಶೀರ್ವಾದ ಮಾಡ್ತಿದ್ದಾರಲ್ಲ!" ಅಂದರು.

ಗೋಡೆ ಕಡೆಯಿಂದ ಒಂದು ಸದ್ದು. ನೋಡಿದರೆ ಅಮ್ಮಾವರು! ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗ್ತಾ ಇದ್ದರು.

"ಮಾಡ್ಲಿ ಬಿಡ್ರಿ," ಅಂದರು, "ಹತ್ತು ವರ್ಷದಿಂದ ಕೇಳ್ತಾ ಇದ್ದರು ನಮ್ಮನೆಯವರು, ಪಾಪ." ಆಮೇಲೆ ನನ್ನ ಕಡೆ ತಿರುಗಿ, "ಕೈ ತೋರಿಸಿದ್ದು ಆಯ್ತಲ್ಲ, ಕಾಫಿ ಕೊಡಮ್ಮ ಅವರಿಗೆ. ಮೊದಲ ದಿನದ ಹಾಗೆ ಕುಡಿದು ಹೊರಟುಬಿಟ್ಟಾರು, ಬಾಗಿಲು ಹಾಕ್ಕೊಂಡು ಕೊಡು."